ಚಳಿ ಪ್ರದೇಶದ ಕಿಟಕಿ ಗಾಜು: ಪದರ ಎಣಿಸುವ ಮುಂಚೆ ಲೇಪನ ನೋಡಿ

ಕಿಟಕಿ ಕೊಳ್ಳುವವರೆಲ್ಲ ಮೊದಲು ಕೇಳೋದು ‘ಎರಡು ಗಾಜೋ, ಮೂರೋ’ ಅಂತ. ನಿಜಕ್ಕೂ ಕೇಳಬೇಕಾದ್ದು ಲೋ-ಇ ಲೇಪನ (ಕೋಣೆಯ ಶಾಖವನ್ನು ಒಳಕ್ಕೇ ಹಿಂದಿರುಗಿಸುವ, ಕಣ್ಣಿಗೆ ಕಾಣದಷ್ಟು ತೆಳು ಪದರ) ಇದೆಯಾ, ಗಾಜಿನ ಯಾವ ಮೈಮೇಲಿದೆ ಅನ್ನೋದನ್ನು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವ್ಯಾಟ್ ಶಾಖ ಸೋರುತ್ತದೋ ಅದೇ ಯು-ವ್ಯಾಲ್ಯೂ. ಒಂಟಿ ಗಾಜಿಗೆ ಅದು ಸುಮಾರು 5.7, ಬರೀ ಜೋಡಿ ಗಾಜಿಗೆ 2.8. ಅದೇ ಜೋಡಿಗೆ ಲೇಪನ ಕೊಟ್ಟು, ನಡುವಿನ 16 ಮಿ.ಮೀ. ಸಂದಿನಲ್ಲಿ ಆರ್ಗಾನ್ (ಗಾಳಿಗಿಂತ ಕಡಿಮೆ ಶಾಖ ಸಾಗಿಸುವ ಅನಿಲ) ತುಂಬಿದರೆ 1.1ರ ಹತ್ತಿರ ಬರುತ್ತದೆ. ಲೇಪನವಿಲ್ಲದ ಮೂರು ಗಾಜಿಗಿಂತ ಇದೇ ಮೇಲು. ಸಂದು 20 ಮಿ.ಮೀ. ದಾಟಿದರೆ ಒಳಗಿನ ಅನಿಲವೇ ಸುತ್ತತೊಡಗುತ್ತದೆ, ಲಾಭವಿಲ್ಲ.

ಜೋಡಿ ಗಾಜಿನ ನಾಲ್ಕು ಮೈಗಳನ್ನು ಹೊರಗಿನಿಂದ ಎಣಿಸಿದರೆ ಲೇಪನ ಮೂರನೆಯದರ ಮೇಲಿರಬೇಕು. ಎರಡನೆಯದರ ಮೇಲಿದ್ದರೂ ಯು-ವ್ಯಾಲ್ಯೂ ಅಷ್ಟೇ ಇರುತ್ತದೆ, ಆದರೆ ಚಳಿಗಾಲದಲ್ಲಿ ಪುಕ್ಕಟೆ ಸಿಗುವ ಬಿಸಿಲಿನ ಶಾಖ ಕಡಿಮೆಯಾಗುತ್ತದೆ. ಕೂರಿಸುವವರು ತಿರುಗಿಸಿ ಕೂರಿಸಿದರೂ ಹೀಗೇ. ಸಂಜೆ ಕೋಣೆಯೊಳಗಿಂದ ಗಾಜಿನ ಹತ್ತಿರ ಲೈಟರ್ ಹಚ್ಚಿ ಓರೆಯಾಗಿ ನೋಡಿ. ಮೈಗೊಂದರಂತೆ ಜ್ವಾಲೆಯ ನಾಲ್ಕು ಪ್ರತಿಬಿಂಬ ಕಾಣುತ್ತವೆ. ನಿಮ್ಮ ಕಡೆಯಿಂದ ಎರಡನೆಯದರ ಬಣ್ಣ ಮಾತ್ರ ಬೇರೆಯಿದ್ದರೆ ಸರಿಯಾಗಿ ಕೂತಿದೆ.

ಲೇಪನ, ಆರ್ಗಾನ್ ಇರುವ ಮೂರು ಗಾಜಿನ ಯು-ವ್ಯಾಲ್ಯೂ 0.6–0.8ರ ಮಟ್ಟಕ್ಕೆ ಇಳಿಯುತ್ತದೆ. ಕಡುಚಳಿ ಇರುವಲ್ಲಿ, ಬಿಸಿಲು ಬೀಳದ ಗೋಡೆಗೆ ಅದು ದುಡ್ಡಿಗೆ ತಕ್ಕದ್ದು. ಆದರೆ 4 ಮಿ.ಮೀ. ಗಾಜು ಮೂರಾದರೆ ಚದರ ಮೀಟರಿಗೆ 30 ಕೆ.ಜಿ.; ಸಾದಾ ಹಿಂಜು ಕೆಲಕಾಲದಲ್ಲೇ ಜೋತು ಬಿದ್ದು, ಕಿಟಕಿಯ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ.

ಬಹುತೇಕರು ಮರೆಯೋದು ಅಂಚಿನ ಸ್ಪೇಸರನ್ನು, ಅಂದರೆ ಗಾಜುಗಳ ನಡುವೆ ಅಂತರ ಕಾಯುವ ಪಟ್ಟಿಯನ್ನು. ಅಲ್ಯೂಮಿನಿಯಂದಾದರೆ ಶಾಖ ಅದರ ಮೂಲಕವೇ ಹೊರಗೆ ಹೋಗುತ್ತದೆ. ಬೆಳಗ್ಗೆ ಗಾಜಿನ ಕೆಳಅಂಚಿನಲ್ಲಿ ಸಾಲಾಗಿ ನೀರಹನಿ ಕೂರೋದು, ಆಮೇಲೆ ಗ್ಯಾಸ್ಕೆಟ್ (ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ) ಕಪ್ಪಾಗಿ ಬೂಸ್ಟು ಹಿಡಿಯೋದು ಇದರಿಂದಲೇ. ಶಾಖ ಕಡಿಮೆ ಸಾಗಿಸುವ ವಾರ್ಮ್-ಎಡ್ಜ್ ಸ್ಪೇಸರನ್ನೇ ಕೇಳಿ. ಕೊಟೇಶನ್‌ನಲ್ಲಿ ಗಾಜಿನ ನಡುಭಾಗದ ಯು-ವ್ಯಾಲ್ಯೂ ಅಷ್ಟೇ ಕೊಟ್ಟಿದ್ದರೆ ಒಪ್ಪಬೇಡಿ, ಚೌಕಟ್ಟು ಸೇರಿದ ಇಡೀ ಕಿಟಕಿಯದ್ದು ಬೇಕು.

ಗಾಜುಗಳ ನಡುವೆ ಮಬ್ಬು ಕಂಡರೆ ಸೀಲ್ ಹೋಗಿದೆ, ಸ್ಪೇಸರಿನೊಳಗಿನ ತೇವ ಹೀರುವ ಪುಡಿ ತುಂಬಿಹೋಗಿದೆ ಎಂದರ್ಥ. ತೂತು ಕೊರೆದು ಒಣಗಿಸಿದರೆ ಆರ್ಗಾನ್ ಮರಳುವುದಿಲ್ಲ. ಗಾಜಿನ ಯುನಿಟ್ಟನ್ನೇ ಬದಲಿಸಬೇಕು. ಚೌಕಟ್ಟಿನಲ್ಲಿ ನಿಂತ ನೀರು ಸೀಲನ್ನು ಬೇಗ ಕೆಡಿಸುತ್ತದೆ. ಹಾಗಾಗಿ ಗಾಜನ್ನು ಪ್ಯಾಕರ್ (ಅಡಿಗೆ ಇಡುವ ಚಿಕ್ಕ ತುಂಡು) ಮೇಲೆ ಎತ್ತಿ ಕೂರಿಸಿದ್ದಾರಾ, ನೀರು ಹೋಗುವ ಕಿಂಡಿಗೆ ಸಿಲಿಕೋನ್ ಮೆತ್ತಿಲ್ಲವಾ ಅಂತ ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿ ಹಾಕುವ ಮುಂಚೆಯೇ ನೋಡಿಬಿಡಿ.

ಹೊರಮೈ ಮೇಲೆ ಬೆಳಗಿನ ಇಬ್ಬನಿ ಕೂತರೆ ಗಾಬರಿ ಬೇಡ. ಕೋಣೆಯ ಬಿಸಿ ಹೊರಗಾಜಿನವರೆಗೆ ತಲುಪುತ್ತಿಲ್ಲ, ಅಷ್ಟೇ.