ಒಂದೇ ಅಚ್ಚು, ಬೇರೆ ಬೇರೆ ಬಣ್ಣ: ಬ್ರೈಯರ್ ಸ್ಟೇಬಲ್‌ಮೇಟ್ಸ್ ಕುದುರೆಗಳು ಹೇಗಿವೆ?

ಮೊದಲೇ ಹೇಳಿಬಿಡುತ್ತೇನೆ. ಕುದುರೆ ಗೊಂಬೆ ಕೂಡಿಡುವ ಆಸೆ ಇದ್ದರೆ ಹತ್ತು ತಳಿಯ ಹತ್ತು ಕುದುರೆ ತಗೊಳ್ಳಬೇಡಿ. ಒಂದು ಅಚ್ಚು ಆರಿಸಿಕೊಳ್ಳಿ, ಅದರಲ್ಲಿ ಸಿಗುವ ಬಣ್ಣಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ. ಈ ಕೆಲಸಕ್ಕೆ ಅಮೆರಿಕದ ಬ್ರೈಯರ್ ಕಂಪನಿಯ ಸ್ಟೇಬಲ್‌ಮೇಟ್ಸ್ ಅನ್ನುವ ಪುಟ್ಟ ಕುದುರೆಗಳಷ್ಟು ಒಳ್ಳೆಯ ಮಾಲು ನನಗೆ ಬೇರೆ ಕಂಡಿಲ್ಲ.

ನಮ್ಮ ವಿಜಯಪುರದ ಕಡೆಯವರಿಗೆ ಇದು ಹೊಸ ವಿಷಯ ಏನಲ್ಲ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವಾಗ ಅದೇ ಕಟ್ಟಿಗೆ ಅಚ್ಚಿನಿಂದ ಬಿಳಿ ಕುದುರೆ, ಗುಲಾಬಿ ಕುದುರೆ, ಹಳದಿ ಕುದುರೆ ಬರುತ್ತವಲ್ಲ, ಹಾಗೆಯೇ. ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿದಾಗ ಸಿಗುವ ಖುಷಿ ಒಂದೊಂದನ್ನೇ ನೋಡಿದಾಗ ಸಿಗುವುದಿಲ್ಲ. ಅಮೆರಿಕದ ಸಂಗ್ರಹಕಾರರು ಒಂದೇ ಅಚ್ಚಿನ ಕುದುರೆಗಳ ಸಾಲಿಗೆ ಕಾಂಗಾ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಈಗ ಅಂಥ ಎರಡು ಸಾಲು ಇವೆ.

ಬ್ರೈಯರ್‌ನ ಮೊದಲ ಕುದುರೆ ಬಂದದ್ದು 1950ರಲ್ಲಿ, ಅದೂ ಒಂದು ಗಡಿಯಾರ ಕಂಪನಿಗಾಗಿ. ಗಡಿಯಾರದ ಪಕ್ಕ ನಿಲ್ಲಿಸಲು ಮಾಡಿದ ಕುದುರೆಯನ್ನೇ ಜನ ಕೇಳತೊಡಗಿದರು. ಸ್ಟೇಬಲ್‌ಮೇಟ್ಸ್ ಶುರುವಾದದ್ದು 1975ರಲ್ಲಿ. ಇದು 1:32 ಅಳತೆ, ಅಂದರೆ ಅಂಗೈಯಲ್ಲಿ ನಿಲ್ಲುವಷ್ಟು. ಇದೇ ಕಂಪನಿಯ ದೊಡ್ಡ ಕುದುರೆಗಳು, ಟ್ರೆಡಿಷನಲ್ ಅನ್ನುವವು, 1:9 ಅಳತೆಯವು. ಅವು ನಾಲ್ಕೈದು ಬಂದರೆ ಕಪಾಟು ತುಂಬಿಹೋಗುತ್ತದೆ. ಬಣ್ಣದ ಸಾಲು ಕಟ್ಟುವವರಿಗೆ ಸಣ್ಣದೇ ಸರಿ. ಜಾಗವೂ ಸಾಕು, ಜೇಬಿಗೂ ಭಾರ ಕಡಿಮೆ.

ಒಂದೇ ಅಚ್ಚು ಯಾಕೆ ಅಂತ ಕೇಳುತ್ತೀರಾ? ಮೈಕಟ್ಟು ಒಂದೇ ಇದ್ದಾಗ ಮಾತ್ರ ಬಣ್ಣ ಏನು ಮಾಡುತ್ತದೆ ಅನ್ನುವುದು ಕಣ್ಣಿಗೆ ಬೀಳುತ್ತದೆ. ನನ್ನ ಆಂಡಲೂಸಿಯನ್ (ಸ್ಪೇನಿನ ಒಂದು ಕುದುರೆ ತಳಿ) ಸಾಲಿನಲ್ಲಿ ಕಪ್ಪು ಕುದುರೆ ಉಳಿದವಕ್ಕಿಂತ ಸಣಕಲಾಗಿ ಕಾಣುತ್ತದೆ, ಅಳೆದರೆ ಅಷ್ಟೇ ಇದೆ. ಬೂದು ಚುಕ್ಕೆಯದರಲ್ಲಿ ಭುಜದ ಸ್ನಾಯು, ಪಕ್ಕೆ, ಕುತ್ತಿಗೆಯ ಮಡಿಕೆ ಎಲ್ಲ ಎದ್ದು ಕಾಣುತ್ತವೆ. ಕಪ್ಪು ಬಿಳಿ ಪಟ್ಟೆಯದಂತೂ ಬೇರೆ ಅಚ್ಚೇ ಇರಬೇಕು ಅನ್ನಿಸುತ್ತದೆ, ಯಾಕೆಂದರೆ ಬಿಳಿ ಪಟ್ಟೆ ಬೆನ್ನಿನ ಗೆರೆಯನ್ನು ಅಲ್ಲಲ್ಲಿ ಕಡಿದುಬಿಡುತ್ತದೆ. ಬಂದವರಿಗೆ ಇವೆಲ್ಲ ಒಂದೇ ಅಚ್ಚು ಅಂದರೆ ಮೊದಲು ಒಪ್ಪುವುದೇ ಇಲ್ಲ. ಕಿವಿಯಿಂದ ಗೊರಸಿನವರೆಗೆ ಬೆರಳಿಟ್ಟು ತೋರಿಸಬೇಕು.

ಇನ್ನೊಂದು ಸಾಲು ನನಗೆ ಇನ್ನೂ ಜಾಸ್ತಿ ಇಷ್ಟ. ಸ್ಕ್ರ್ಯಾಚಿಂಗ್ ಫೋಲ್ ಅಂತ ಒಂದು ಮರಿ ಕುದುರೆ ಇದೆ, ಹಿಂಗಾಲು ಮುಂದಕ್ಕೆ ತಂದು ತಲೆ ಕೆರೆದುಕೊಳ್ಳುತ್ತದೆ. ಎಂಥ ಚೆಂದದ ಅಚ್ಚು! ಮೂರು ಕಾಲ ಮೇಲೆ ನಿಂತಿರುವ ಮರಿ, ಮೈ ಪೂರ್ತಿ ಬಾಗಿದೆ, ಯಾವ ಕಡೆಯಿಂದ ನೋಡಿದರೂ ಬೇರೆ ಚಿತ್ರ. ಆದರೆ ಮರಿಯ ಅಚ್ಚು ಆರಿಸುವಾಗ ಒಂದು ಗಮನದಲ್ಲಿರಲಿ. ಬೂದು ಬಣ್ಣಕ್ಕೆ ತಿರುಗುವ ಕುದುರೆ ಹುಟ್ಟುವಾಗ ಬೂದು ಇರುವುದಿಲ್ಲ, ಕಂದೋ ಕೆಂಪೋ ಕಪ್ಪೋ ಇರುತ್ತದೆ, ವಯಸ್ಸಾದಂತೆ ಬೆಳ್ಳಗಾಗುತ್ತದೆ. ಹಾಗಾಗಿ ಮೈತುಂಬ ಬೂದು ಚುಕ್ಕೆ ಇರುವ ಮರಿ ನೋಡಲು ಎಷ್ಟೇ ಮುದ್ದಾಗಿದ್ದರೂ ನಿಜ ಕುದುರೆಯಲ್ಲಿ ಅದು ಸರಿ ಹೊಂದುವುದಿಲ್ಲ.

ಇದನ್ನು ನನಗೆ ಗೋಲಗುಮ್ಮಟದ ಮುಂದೆ ಟಾಂಗಾ ಹೊಡೆಯುವ ಒಬ್ಬ ಕಾಕಾ ಇನ್ನೂ ಚೆನ್ನಾಗಿ ಹೇಳಿದರು. ಅವರ ಬಿಳಿ ಕುದುರೆ ನೋಡಿ ಇದು ಹುಟ್ಟಾ ಬಿಳಿಯೇ ಕಾಕಾ ಅಂದೆ. "ಇಲ್ರೀ, ಸಣ್ಣದಿದ್ದಾಗ ಕರ್ರಗಿತ್ತು. ಬರ್ತಾ ಬರ್ತಾ ಬೆಳ್ಳಗಾತು ನೋಡ್ರಿ" ಅಂತ ಅದರ ಮೂತಿ ಸವರಿದರು. ತುಟಿಯ ಸುತ್ತ ಚರ್ಮ ಇನ್ನೂ ಕಪ್ಪಗೇ ಇತ್ತು. ಮನೆಗೆ ಬಂದು ನನ್ನ ಸಾಲಿನ ಬಿಳಿ ಕುದುರೆ ನೋಡಿದೆ. ಮೂತಿಗೆ ತೆಳುವಾಗಿ ಕಪ್ಪು ಬಣ್ಣ ಊದಿದ್ದಾರೆ! ಇಷ್ಟು ಸಣ್ಣ ಗೊಂಬೆಯಲ್ಲಿ ಅದನ್ನು ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಆಂಡಲೂಸಿಯನ್‌ಗಳಲ್ಲಿ ಗಾಢ ಬೂದು, ಚುಕ್ಕೆ ಬೂದು, ಬಿಳಿ ಮೂರನ್ನೂ ಪಕ್ಕಪಕ್ಕ ನಿಲ್ಲಿಸಿದೆ. ಒಂದೇ ಕುದುರೆಯ ಮೂರು ವಯಸ್ಸು! ಅಚ್ಚು ಬೇರೆ ಬೇರೆ ಇದ್ದಿದ್ದರೆ ಇದು ಹೊಳೆಯುತ್ತಿತ್ತಾ ಹೇಳಿ.

ಕೊಳ್ಳುವ ಕ್ರಮಕ್ಕೆ ಬಂದರೆ, ಮೊದಲು ಬೇ ತಗೊಳ್ಳಿ. ಮೈ ಕಂದು, ಜೂಲು, ಬಾಲ, ಕಾಲಿನ ಕೆಳಭಾಗ ಕಪ್ಪು. ಆಮೇಲೆ ಚೆಸ್ಟ್‌ನಟ್, ಅಂದರೆ ಕೆಂಪುಗಂದು, ಅದರಲ್ಲಿ ಕಪ್ಪು ಎಲ್ಲೂ ಇರಬಾರದು. ಆಮೇಲೆ ಕಪ್ಪು. ಈ ಮೂರು ಬುನಾದಿ. ಚೆಸ್ಟ್‌ನಟ್ ಪಕ್ಕ ಪಾಲೊಮಿನೊ ಇಡಿ, ಬೇ ಪಕ್ಕ ಬಕ್‌ಸ್ಕಿನ್ ಇಡಿ. ಬಣ್ಣ ತಿಳಿಯಾಗಿಸುವ ಒಂದೇ ಜೀನ್ ಚೆಸ್ಟ್‌ನಟ್‌ನ ಕೆಂಪಿನ ಮೇಲೆ ಬಂದರೆ ಬಂಗಾರದ ಮೈ, ಅದೇ ಪಾಲೊಮಿನೊ; ಬೇ ಮೇಲೆ ಬಂದರೆ ಕಪ್ಪು ಕಾಲು ಉಳಿದು ಮೈ ಮಾತ್ರ ತಿಳಿ ಹಳದಿ, ಅದೇ ಬಕ್‌ಸ್ಕಿನ್. ಪುಸ್ತಕದಲ್ಲಿ ಓದಿದರೆ ತಲೆಗೆ ಹತ್ತದ್ದು ಶೆಲ್ಫ್ ಮೇಲೆ ನಿಮಿಷದಲ್ಲಿ ತಿಳಿಯುತ್ತದೆ. ಪಟ್ಟೆ, ಮಚ್ಚೆಯವು ಕೊನೆಗೆ ಇರಲಿ.

ನೀಲಿ, ಬಂಗಾರದ ಕುದುರೆಗಳೂ ಇವೆ. ಬ್ರೈಯರ್ 1960ರ ದಶಕದಲ್ಲೇ ದೊಡ್ಡ ಅಚ್ಚುಗಳಿಗೆ ಡೆಕೊರೇಟರ್ ಅಂತ ನೀಲಿ, ಬಂಗಾರದ ಬಣ್ಣ ಹೊಡೆದಿತ್ತು. ಆಗ ಹೆಚ್ಚು ಓಡಲಿಲ್ಲ, ಈಗ ಅವಕ್ಕೇ ಸಂಗ್ರಹಕಾರರು ಮುಗಿಬೀಳುತ್ತಾರೆ. ನನಗೆ ಮಾತ್ರ ನಿಜ ಕುದುರೆಯ ಬಣ್ಣಗಳೇ ಸಾಕು.

ಕೊರತೆ ಹೇಳಬೇಕೆಂದರೆ, ಒಳಗೆ ಯಾವುದಿದೆ ಅಂತ ಕಾಣದ ಮುಚ್ಚಿದ ಪೊಟ್ಟಣದಲ್ಲೂ ಇವನ್ನು ಮಾರುತ್ತಾರೆ. ಮಕ್ಕಳಿಗೆ ಅದು ಮಜಾ, ಸಾಲು ಕಟ್ಟುವವರಿಗೆ ಸುಮ್ನೆ ದುಡ್ಡು ದಂಡ. ಬಿಡಿಯಾಗಿ, ಬಣ್ಣ ಕಾಣುವಂತೆ ಸಿಗುವುದನ್ನೇ ತಗೊಳ್ಳಿ. ನಮ್ಮೂರ ಆಟಿಕೆ ಅಂಗಡಿಗಳಲ್ಲಿ ನಾನು ಇವನ್ನು ಕಂಡಿಲ್ಲ, ಸಿದ್ಧೇಶ್ವರ ಜಾತ್ರೆಯಲ್ಲಿ ಬರುವ ಪ್ಲಾಸ್ಟಿಕ್ ಕುದುರೆಗಳೇ ಬೇರೆ. ಆನ್‌ಲೈನ್‌ನಲ್ಲಿ ತರಿಸಬೇಕು, ಇಲ್ಲಿಗೆ ಮುಟ್ಟುವಷ್ಟರಲ್ಲಿ ಬೆಲೆ ಏರಿರುತ್ತದೆ. ಒಬ್ಬ ಮಾರಾಟಗಾರ ಬೇ ಅಂತ ಫೋಟೋ ಹಾಕಿ ಚೆಸ್ಟ್‌ನಟ್ ಕಳಿಸಿದ್ದ. ಅದಕ್ಕೇ ಆರ್ಡರ್ ಮಾಡುವ ಮೊದಲು ಕಾಲಿನ ಫೋಟೋ ಕೇಳಿ. ಬಣ್ಣ ಹೊಡೆಯುವುದು ಕೈಯಿಂದ, ಹಾಗಾಗಿ ಒಂದೇ ಬಣ್ಣದ ಎರಡು ಕುದುರೆಯಲ್ಲೂ ಹಣೆಯ ಬಿಳಿ ಸ್ವಲ್ಪ ಆಚೀಚೆ ಇರುತ್ತದೆ. ನಾನು ಅದನ್ನು ದೋಷ ಅನ್ನುವುದಿಲ್ಲ. ಚಿಕ್ಕ ಮಕ್ಕಳು ಆಡಲು ಬೇಕು ಅಂದರೆ ಇದು ಬೇಡ, ಕಾಲು ತೆಳು. ಜರ್ಮನಿಯ ಶ್ಲೈಕ್ ಕುದುರೆಗಳು ಇನ್ನೂ ಗಟ್ಟಿ.

ಇಡುವ ರೀತಿ: ಬಿಸಿಲು ಬೀಳುವ ಕಿಟಕಿ ಬೇಡ, ಬಣ್ಣ ಮಾಸುತ್ತದೆ. ಧೂಳಿಗೆ ಮೆತ್ತನೆ ಬ್ರಷ್ ಸಾಕು, ಒದ್ದೆ ಬಟ್ಟೆಯಿಂದ ತಿಕ್ಕಬೇಡಿ, ಕಿವಿ ತುದಿ, ಗೊರಸಿನ ಬಣ್ಣ ಮೊದಲು ಹೋಗುತ್ತದೆ. ಸುತ್ತಿಡಲು ಪೇಪರ್ ಬೇಡ, ಮಸಿ ಅಂಟುತ್ತದೆ. ಹಳೇ ಕಾಟನ್ ಸೀರೆಯ ತುಂಡು ಒಳ್ಳೆಯದು.

ಈ ಸಾಲು ನೋಡಿ ದೊಡ್ಡ ಟ್ರೆಡಿಷನಲ್ ಕುದುರೆಗೂ ಮನಸ್ಸಾದರೆ, ಅವು ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್‌ನವು, ಬಿಸಿಗೆ ಕಾಲು ಬಾಗಿ ಕುದುರೆ ವಾಲುತ್ತದೆ. ಬಾಗಿದ ಕಾಲನ್ನು ಬಿಸಿ ನೀರಲ್ಲಿ ಅದ್ದಿ, ನಿಧಾನಕ್ಕೆ ನೇರ ಮಾಡಿ, ತಣ್ಣೀರಲ್ಲಿ ಹಿಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೂ ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಕೊರಿಯರ್ ಗಾಡಿಯೊಳಗೆ ಅದು ಕೂತು ಬರುವುದು ಬೇಡ. ಮಳೆಗಾಲ ಶುರುವಾದ ಮೇಲೆ ಆರ್ಡರ್ ಹಾಕಿ.