ಹಳೆಯ ಆಟವೋ, ಹೊಸ ಶೈಲಿಯೋ: ಮಧ್ಯಮ ಸ್ಥಾನದ ಕ್ಲಬ್‌ನ ಆಯ್ಕೆ

ಇಂಗ್ಲೆಂಡಿನ ಫುಟ್‌ಬಾಲ್‌ನ ಅಗ್ರ ಟೂರ್ನಿಯಾದ ಪ್ರೀಮಿಯರ್ ಲೀಗ್‌ನ ಪಟ್ಟಿಯ ನಡುವಿನಲ್ಲೇ ಸುತ್ತುವ ಕ್ಲಬ್‌ಗೆ ಮೂರು ದಾರಿಗಳಿವೆ: ಇರುವ ಆಟವನ್ನೇ ಉಳಿಸಿಕೊಳ್ಳುವುದು, ಮೆಲ್ಲಗೆ ಬದಲಾಗುವುದು, ಇಲ್ಲವೇ ಒಮ್ಮೆಲೇ ಮಗುಚಿ ಹಾಕುವುದು.

ಅಂಕಗಳ ಭದ್ರತೆಯೇ ಮುಖ್ಯವಾದರೆ ಮೊದಲನೆಯದೇ ಲೇಸು. ತರಬೇತುದಾರ ಟೋನಿ ಪ್ಯೂಲಿಸ್ ಅವರ ಸ್ಟೋಕ್ ಸಿಟಿ, ಆಟಗಾರ ರೋರಿ ಡೆಲಾಪ್ ಟವೆಲ್‌ನಿಂದ ಚೆಂಡನ್ನು ಒರೆಸಿ ಅಂಕಣದ ಪಕ್ಕದ ಗೆರೆಯಿಂದ ಗೋಲಿನ ಬಾಯಿಗೇ ಎಸೆಯುತ್ತಿದ್ದ ಉದ್ದನೆಯ ಥ್ರೋಗಳಂತಹ ನೇರ ಆಟವನ್ನು ನೆಚ್ಚಿಕೊಂಡು, 2008ರಿಂದ 2013ರವರೆಗಿನ ಐದು ಋತುಗಳಲ್ಲಿ 11ನೇ ಸ್ಥಾನದಿಂದ ಮೇಲೇರಲಿಲ್ಲ, 14ರಿಂದ ಕೆಳಗಿಳಿಯಲೂ ಇಲ್ಲ. ನೋಡಲು ಚೆಂದವಿತ್ತೇ ಎಂಬುದು ಬೇರೆ ಮಾತು.

ಒಮ್ಮೆಲೇ ಬದಲಾಯಿಸುವುದರ ಅಪಾಯವನ್ನು 2017ರ ಕ್ರಿಸ್ಟಲ್ ಪ್ಯಾಲೆಸ್ ತೋರಿಸಿತು. ಹೊಸ ತರಬೇತುದಾರ ಫ್ರಾಂಕ್ ಡಿ ಬೋರ್ ಅವರು ಚೆಂಡನ್ನು ಹಿಡಿದಿಟ್ಟು ಆಡುವ ಕ್ರಮವನ್ನು ತರಹೊರಟರು. ಬರ್ನ್‌ಲಿ ಎದುರು ಮೂರನೇ ನಿಮಿಷದಲ್ಲೇ ಪ್ಯಾಲೆಸ್‌ನ ಲೀ ಚುಂಗ್-ಯಾಂಗ್ ಹಿಂದಕ್ಕೆ ಕೊಟ್ಟ ದುರ್ಬಲ ಪಾಸು ಎದುರಾಳಿ ಕ್ರಿಸ್ ವುಡ್ ಕಾಲಿಗೆ ಸಿಕ್ಕಿ ಗೋಲಾಯಿತು. ಲೀಗ್‌ನ ಮೊದಲ ನಾಲ್ಕು ಪಂದ್ಯಗಳನ್ನೂ ಒಂದು ಗೋಲೂ ಇಲ್ಲದೆ ಸೋತ ತಂಡ ಡಿ ಬೋರ್ ಅವರನ್ನು 77 ದಿನಗಳಲ್ಲೇ ಕೈಬಿಟ್ಟಿತು. ಸೋಲಿನಷ್ಟೇ ಆ ಅವಸರವೂ ದುಬಾರಿಯೆಂದು ನನ್ನ ಅಭಿಪ್ರಾಯ.

ಮೆಲ್ಲನೆಯ ದಾರಿಗೆ ತಾಳ್ಮೆಯೇ ಬಂಡವಾಳ. 2019ರಲ್ಲಿ ಗ್ರಹಾಂ ಪಾಟರ್ ಅವರನ್ನು ತರಬೇತುದಾರರಾಗಿ ಕರೆತಂದ ಬ್ರೈಟನ್ 15 ಮತ್ತು 16ನೇ ಸ್ಥಾನಗಳನ್ನು ಸಹಿಸಿಕೊಂಡು ಮೂರನೇ ಋತುವಿನಲ್ಲಿ 9ಕ್ಕೇರಿತು. ಆದರೆ ಪಾಸು ಕೊಡಬಲ್ಲ ಆಡಮ್ ವೆಬ್‌ಸ್ಟರ್ ಅವರಂತಹ ರಕ್ಷಕರಿಗೆ ಹಣ ಸುರಿಯಬೇಕಾಯಿತು.

ಆದ್ದರಿಂದ ಬೊಕ್ಕಸ ಬರಿದಾಗಿದ್ದು ಆಟಗಾರರು ಹಳೆಯ ಕ್ರಮಕ್ಕೇ ಒಗ್ಗಿದ್ದರೆ ಬದಲಾವಣೆ ಬೇಡ. ಮಾಲೀಕರು ಎರಡು ವರ್ಷ ಕಾಯಬಲ್ಲರಾದರೆ ಬ್ರೈಟನ್ ದಾರಿ ಸೂಕ್ತ. ಒಮ್ಮೆಲೇ ಮಗುಚುವುದು, ಅರ್ಧ ತಂಡದ ಒಪ್ಪಂದ ಹೇಗೂ ಮುಗಿಯುತ್ತಿರುವ ಬೇಸಿಗೆಯಲ್ಲಿ ಮಾತ್ರ ಯೋಚಿಸಬಹುದಾದದ್ದು.