280 ರೂಪಾಯಿಯ ಹಳದಿ ಮೀಟರ್ ಮತ್ತು ಮಳೆಗಾಲವಿಡೀ ಮಲಗಿದ್ದ ನಮ್ಮ ಪಿಕಪ್

ಮೊದಲೇ ಹೇಳಿಬಿಡುತ್ತೇನೆ, ಇದು ಹೆಸರಾಂತ ಕಂಪನಿಯ ಮೀಟರ್ ಅಲ್ಲ. ಎಲೆಕ್ಟ್ರಿಕಲ್ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಟೆಸ್ಟರ್, ಇನ್ಸುಲೇಷನ್ ಟೇಪ್ ಪಕ್ಕ ಬಿದ್ದಿರುತ್ತದಲ್ಲ, ನಡುವೆ ದೊಡ್ಡ ಕಪ್ಪು ತಿರುಗಣೆ ಇರುವ ವೋಲ್ಟ್, ಕರೆಂಟ್ ಅಳೆಯುವ ಹಳದಿ ಡಿಜಿಟಲ್ ಮಲ್ಟಿಮೀಟರ್, ಅದೇ. ಮೇಲೆ ಡಿಟಿ-830ಡಿ ಎಂದು ಬರೆದಿದೆ. ಈ ನಂಬರಿನ ಮೀಟರನ್ನು ಎಷ್ಟೋ ಜನ ಮಾಡಿ ಮಾರುತ್ತಾರೆ, ನನ್ನದರ ಮೇಲೆ ಯಾರ ಹೆಸರೂ ಇಲ್ಲ. ಸಾಗರ ಪೇಟೆಯಲ್ಲಿ 280 ರೂಪಾಯಿ ಕೊಟ್ಟು ತಂದೆ. ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ, 5ಕ್ಕೆ 4 ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಟ್ ಅಂತ ಆಮೇಲೆ ಹೇಳುತ್ತೇನೆ.

ನಮ್ಮದು ಅಡಿಕೆ ತೋಟ. ಗೊಬ್ಬರ, ಸೊಪ್ಪು, ಅಡಿಕೆ ಚೀಲ ಎಲ್ಲ ಹೊರುವುದು 2007ರ ಟಾಟಾ 207 ಡಿಐ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಮ್ಮ ಮಣ್ಣುರಸ್ತೆಗೆ ಅದನ್ನು ಇಳಿಸುವ ಹಾಗಿಲ್ಲ, ಹುಗಿದು ಕೂರುತ್ತದೆ. ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೆ ನಿಂತಿರುತ್ತದೆ. ಹೋದ ವರ್ಷ ಆಗಸ್ಟ್‌ನಲ್ಲಿ ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ, ಸುಣ್ಣ ತರಲಿಕ್ಕೆ ಒಮ್ಮೆ ತೆಗೆದಿದ್ದೆ, ಅಷ್ಟೇ. ಆಮೇಲೆ ಸುಮಾರು ಎರಡು ತಿಂಗಳು ಮುಟ್ಟಲಿಲ್ಲ. ಅದು ಗಾಡಿಯ ತಪ್ಪಲ್ಲ, ನನ್ನ ಸೋಮಾರಿತನ.

ಆಯುಧಪೂಜೆ ದಿನ ತೊಳೆದು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಕೀಲಿ ತಿರುಗಿಸಿದರೆ "ಟಕ್". ಅಷ್ಟೇ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು "ಟಕ್". ಲೈಟ್ ಉರಿಯುತ್ತದೆ, ಹಾರ್ನ್ ಸ್ವಲ್ಪ ಶೀತ ಆದವರ ಹಾಗೆ ಹೊಡೆದುಕೊಳ್ಳುತ್ತದೆ, ಆದರೆ ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ತಿರುಗುವುದಿಲ್ಲ. ನಿಂಬೆಹಣ್ಣು ಅಪ್ಪಚ್ಚಿ ಆಗದಿದ್ದರೆ ಅಮ್ಮ ಬಿಡುವವರಲ್ಲ. ನಾಲ್ಕು ಜನ ಸೇರಿ ನೂಕಿ ಹಣ್ಣಿನ ಮೇಲೆ ಹತ್ತಿಸಿದೆವು. ನೂಕುವಾಗಲೇ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೂ ನೋಡಿದೆ. ಇಂಜಿನ್ ತಿರುಗಿತು, ಸ್ಟಾರ್ಟ್ ಆಗಲಿಲ್ಲ. ಇಲ್ಲೇ ನನಗೆ ಒಂದು ವಿಷಯ ಹೊಳೆಯಬೇಕಿತ್ತು. ಹಳೇ ಡೀಸೆಲ್ ಇಂಜಿನ್ನಿಗೆ ಬೆಂಕಿ ಹತ್ತಿಸಲು ಸ್ಪಾರ್ಕ್ ಬೇಡ, ಬಿಗಿಯಾಗಿ ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಉರಿಯುತ್ತದೆ. ಹಾಗಾಗಿ ನೂಕಿದರೂ ಏಳದಿದ್ದರೆ ಡೀಸೆಲ್ಲೇ ಬರುತ್ತಿಲ್ಲ ಅಂತ ಅನುಮಾನ ಪಡಬೇಕು. ಹಬ್ಬದ ಗಡಿಬಿಡಿಯಲ್ಲಿ ಅದು ತಲೆಗೆ ಹೋಗಲಿಲ್ಲ.

ಮರುದಿನ ಪೇಟೆಯ ಒಂದು ಬ್ಯಾಟರಿ ಅಂಗಡಿಯಿಂದ ಹುಡುಗ ಬಂದ. ಒಂದು ತಂತಿ ತೆಗೆದುಕೊಂಡು ಎರಡು ಟರ್ಮಿನಲ್‌ಗೂ ಮುಟ್ಟಿಸಿ ಕಿಡಿ ಹಾರಿಸಿದ, "ಬ್ಯಾಟರಿ ಹೋಗಿದೆ ಅಣ್ಣ, ಹೊಸದು 7,800 ಆಗ್ತದೆ" ಅಂದ. ಪರೀಕ್ಷೆ ಅಂದರೆ ಅಷ್ಟೇ! ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಅದರ ಮೂತಿಯ ಹತ್ತಿರ ಕಿಡಿ ಹಾರಿಸಿದರೆ ಸಿಡಿದು ಆಸಿಡ್ ಮುಖಕ್ಕೆ ಎರಚಬಹುದು. ಯಾರೇ ಹೀಗೆ ನೋಡಲು ಬಂದರೂ ಬೇಡ ಅನ್ನಿ.

ದುಡ್ಡು ಕೊಡುವ ಮುಂಚೆ ಭಾವನಿಗೆ ಫೋನ್ ಮಾಡಿದೆ. ಅವನು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡುವವನು. "ಬ್ಯಾಟರಿ ಆಮೇಲೆ ತಗೊಳ್ಳೋ ಮಾರಾಯ, ಮೊದ್ಲು ಒಂದು ಮೀಟರ್ ತಗೋ" ಅಂದ. ತಗೊಂಡೆ.

ತಿರುಗಣೆಯನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 11.9 ತೋರಿಸಿತು. 12 ವೋಲ್ಟ್ ಬ್ಯಾಟರಿಗೆ 11.9 ಇದ್ದರೆ ಪರವಾಗಿಲ್ಲ ಅಂತ ಅಂದುಕೊಂಡಿದ್ದೆ, ನೀವೂ ಹಾಗೇ ಅಂದುಕೊಂಡಿರಬಹುದು. ಹಾಗಲ್ಲ. ತುಂಬಿದ ಬ್ಯಾಟರಿ ಸುಮ್ನೆ ಕೂತಿರುವಾಗ 12.6 ಅಥವಾ 12.7 ತೋರಿಸಬೇಕು. 12.2 ಅಂದರೆ ಅರ್ಧ ಖಾಲಿ. 11.9 ಅಂದರೆ ಹೆಚ್ಚುಕಡಿಮೆ ತಳಕ್ಕೆ ಬಂದಿದೆ ಅಂತ ಅರ್ಥ. ಟರ್ಮಿನಲ್ ಮೇಲೆ ನೀಲಿ ಹಸಿರು ಹೂವು ಕಟ್ಟಿತ್ತು, ಥೇಟ್ ಮೈಲುತುತ್ತದ ಹಾಗೆ. ಹಾಗೆ ಏನು, ಅದು ಮೈಲುತುತ್ತವೇ, ಬ್ಯಾಟರಿಯ ಗಂಧಕದ ಆಸಿಡ್ ತಾಮ್ರಕ್ಕೆ ತಾಗಿದರೆ ಆಗುವುದು ಅದೇ. ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಡಿಸ್ಟಿಲ್ಡ್ ವಾಟರ್ ಹಾಕಿ ರಾತ್ರಿಯಿಡೀ ಚಾರ್ಜಿಗೆ ಇಟ್ಟೆ. ಬೆಳಿಗ್ಗೆ ತೆಗೆದು, ಎರಡು ತಾಸು ಬಿಟ್ಟು ನೋಡಿದರೆ 12.6. ಸಂಜೆಗೂ 12.6. ಬ್ಯಾಟರಿ ಗಟ್ಟಿ ಇದೆ ಅಂತಾಯ್ತು.

ಕೀಲಿ ತಿರುಗಿಸಿದರೆ ಮತ್ತೆ "ಟಕ್".

ಈಗ ಈ ಮೀಟರ್ ನಿಜವಾಗಿ ದುಡಿದ ಜಾಗಕ್ಕೆ ಬರುತ್ತೇನೆ. ಮಗಳಿಗೆ ಕೀಲಿ ತಿರುಗಿಸಲು ಹೇಳಿ, ಕಡ್ಡಿಗಳನ್ನು ಬ್ಯಾಟರಿಗೇ ಹಿಡಿದು ನೋಡಿದೆ. ಸೆಲ್ಫ್ ಹೊಡೆಯುವಾಗಲೂ 12.4 ಇತ್ತು. ಇದು ವಿಚಿತ್ರ. ಡೀಸೆಲ್ ಇಂಜಿನ್ ತಿರುಗಿಸಲು ಸೆಲ್ಫ್ ಮೋಟರ್ 200, 300 ಆಂಪಿಯರ್ ಎಳೆಯುತ್ತದೆ, ಆಗ ಒಳ್ಳೇ ಬ್ಯಾಟರಿ ಕೂಡ 10ರ ಹತ್ತಿರಕ್ಕೆ ಇಳಿಯಬೇಕು. ಸತ್ತ ಬ್ಯಾಟರಿ ಆಗಿದ್ದರೆ ಆರಕ್ಕೋ ಏಳಕ್ಕೋ ಬಿದ್ದು "ಟಕ ಟಕ ಟಕ" ಅಂತ ಬಡಿದುಕೊಳ್ಳುತ್ತಿತ್ತು. ಇಲ್ಲಿ ಇಳಿಯುವುದೇ ಇಲ್ಲ ಅಂದರೆ ಕರೆಂಟ್ ಹರಿಯುತ್ತಲೇ ಇಲ್ಲ. ತೋಟಕ್ಕೆ ನೀರು ಬಿಟ್ಟಿದ್ದೀರಿ, ಮೇಲಿನ ಟ್ಯಾಂಕ್ ತುಂಬಿದೆ, ಜೆಟ್‌ನಲ್ಲಿ ಮಾತ್ರ ನೀರಿಲ್ಲ ಅಂದರೆ ನಡುವೆ ಪೈಪಿನಲ್ಲಿ ಎಲ್ಲೋ ಕಸ ಕಟ್ಟಿದೆ ಅಂತ ತಾನೇ?

ಆ ಕಸ ಎಲ್ಲಿದೆ ಅಂತ ಹುಡುಕುವ ದಾರಿಯನ್ನು ಭಾವ ಫೋನಿನಲ್ಲೇ ಹೇಳಿಕೊಟ್ಟ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಕ್ಲಿಪ್‌ಗೆ ಅಲ್ಲ, ಕಂಬಕ್ಕೇ. ಇನ್ನೊಂದನ್ನು ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ ಒತ್ತಿ ಹಿಡಿ, ಸೆಲ್ಫ್ ಹೊಡೆಸು. ಎರಡೂ ಮೈನಸ್ಸೇ ಆದ್ದರಿಂದ ಸೊನ್ನೆ ಬರಬೇಕು, ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್ ದಾರಿ ಕೆಟ್ಟಿದೆ. ನನಗೆ ಬಂದದ್ದು 9.4! ಬ್ಯಾಟರಿಯ ಮುಕ್ಕಾಲು ಪಾಲು ಶಕ್ತಿ ಸೆಲ್ಫ್ ಮುಟ್ಟುವ ಬದಲು ವಾಪಸ್ ಬರುವ ದಾರಿಯಲ್ಲೇ ಕರಗುತ್ತಿತ್ತು.

ನಮ್ಮ ಗಾಡಿಯಲ್ಲಿ ಬ್ಯಾಟರಿ ಮೈನಸ್ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ ಹೋಗುತ್ತದೆ, ಚಾಸಿಯಿಂದ ಇಂಜಿನ್ನಿಗೆ ಜಡೆ ಹೆಣೆದ ಹಾಗಿರುವ ಒಂದು ತಾಮ್ರದ ಪಟ್ಟಿ. ಇಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಕರೆಂಟಿಗೆ ಇದೇ ಸೇತುವೆ. ಲೈಟ್, ಹಾರ್ನಿಗೆ ಈ ಸೇತುವೆ ಬೇಡ, ಚಾಸಿಯೇ ಸಾಕು, ಅದಕ್ಕೇ ಅವು ಕೆಲಸ ಮಾಡುತ್ತಿದ್ದವು. ಮಜಾ ಏನೆಂದರೆ ಮೀಟರನ್ನು ತಡೆ ಅಳೆಯುವ ಓಮ್ಸ್‌ಗೆ ಇಟ್ಟು ನೋಡಿದರೆ ಆ ಪಟ್ಟಿ ಸರಿ ಇದೆ ಅಂತಲೇ ತೋರಿಸಿತು. ಒಂದೆರಡು ಎಳೆ ಉಳಿದಿದ್ದರೂ ಮೀಟರಿನ ಚೂರು ಕರೆಂಟ್ ದಾಟಿಬಿಡುತ್ತದೆ, 200 ಆಂಪಿಯರ್ ದಾಟುವುದಿಲ್ಲ. ಆದ್ದರಿಂದ ದಪ್ಪ ವೈರನ್ನು ಪರೀಕ್ಷೆ ಮಾಡುವಾಗ ಓಮ್ಸ್ ನಂಬಬೇಡಿ, ಭಾರ ಬಿದ್ದಾಗಲೇ ವೋಲ್ಟ್ ನೋಡಿ. ಸ್ಪ್ಯಾನರ್ ಹಾಕಿ ಬೋಲ್ಟ್ ಸಡಿಲಿಸುವಷ್ಟರಲ್ಲಿ ಪಟ್ಟಿ ಕೈಗೆ ಬಂತು, ಒಳಗೆಲ್ಲ ಹಸಿರು ಪುಡಿ. ಹೊಸ ಪಟ್ಟಿಗೆ 150 ರೂಪಾಯಿ. ಬೋಲ್ಟ್ ಕೂರುವ ಜಾಗದ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದೆ. ಸೆಲ್ಫ್ "ಗರ್ರ್" ಅಂತ ತಿರುಗಿತು, ಬ್ಯಾಟರಿ 10.4ಕ್ಕೆ ಇಳಿದು ನಿಂತಿತು, ಇಂಜಿನ್ ಮತ್ತು ಬ್ಯಾಟರಿ ಮೈನಸ್ ನಡುವೆ 0.2.

ತಿರುಗಿತು, ಆದರೆ ಹತ್ತಲಿಲ್ಲ. ಹೊಗೆಯೂ ಇಲ್ಲ.

ಇಲ್ಲಿಂದ ಮುಂದೆ ಮೀಟರ್ ಏನೂ ಮಾಡಲಾರದು. ಸೆಲ್ಫ್ ತಿರುಗಿದರೂ ಸೈಲೆನ್ಸರಿನಲ್ಲಿ ಹೊಗೆಯೇ ಬರದಿದ್ದರೆ ಡೀಸೆಲ್ ಬರುತ್ತಿಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿದೆ, ಬರೀ ನೊರೆ. ಸುಮಾರು ಹೊತ್ತು ಒತ್ತಿದ ಮೇಲೂ ಗುಳ್ಳೆ ನಿಲ್ಲಲಿಲ್ಲ. ಟ್ಯಾಂಕ್ ಹತ್ತಿರದ ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ದಿನಾ ಓಡುವ ಗಾಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ನಿಲ್ಲಿಸಿದಾಗ ಬಿರುಕಿನಲ್ಲಿ ಗಾಳಿ ಎಳೆದುಕೊಂಡು ಡೀಸೆಲ್ ಮೆಲ್ಲಗೆ ವಾಪಸ್ ಟ್ಯಾಂಕಿಗೆ ಇಳಿಯುತ್ತದೆ. ಒಂದು ತುಂಡು ಪೈಪ್, ಎರಡು ಕ್ಲಿಪ್, 90 ರೂಪಾಯಿ. ಫಿಲ್ಟರ್ ಬುಡದಲ್ಲಿ ಅರ್ಧ ಲೋಟ ನೀರೂ ಸಿಕ್ಕಿತು. ಅರ್ಧ ಖಾಲಿ ಟ್ಯಾಂಕಿನಲ್ಲಿ ಮಳೆಗಾಲದ ತೇವದ ಗಾಳಿ ತಣಿದು ನೀರಾಗುತ್ತದೆ. ಈಗ ಟ್ಯಾಂಕ್ ತುಂಬಿಸಿಯೇ ನಿಲ್ಲಿಸುತ್ತೇನೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯದೆ, ನಡುವೆ ಒಂದು ನಿಮಿಷ ಬಿಟ್ಟು, ಮೂರನೇ ಸಲಕ್ಕೆ ಬಿಳಿ ಹೊಗೆ ಉಗುಳಿ ಎದ್ದಿತು. ಅಮ್ಮ ಒಳಗಿಂದ ಹೊಸ ನಾಲ್ಕು ನಿಂಬೆಹಣ್ಣು ತಂದರು, ನೂಕಿ ಒಡೆಸಿದ್ದು ಲೆಕ್ಕಕ್ಕಿಲ್ಲವಂತೆ.

ಇಂಜಿನ್ ಓಡುವಾಗ ಬ್ಯಾಟರಿಗೆ ಮೀಟರ್ ಹಿಡಿದರೆ 14.1. ಅಂದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿದೆ. ಇದು ಹದಿಮೂರೂವರೆಗಿಂತ ಕೆಳಗಿದ್ದರೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಒಂದು ವಾರದ ಆಟ.

ಬ್ಯಾಟರಿ ಇಳಿದದ್ದು ಯಾಕೆ ಅಂತಲೂ ನೋಡಿದೆ. ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಮೈನಸ್ ಕ್ಲಿಪ್ ಬಿಚ್ಚಿ ನಡುವೆ ಮೀಟರ್ ಸೇರಿಸಿದರೆ, ಎಲ್ಲ ಆಫ್ ಇದ್ದಾಗಲೂ 0.03 ತೋರಿಸಿತು. ಹಾಡಿನ ಸೆಟ್ ನೆನಪಿಟ್ಟುಕೊಳ್ಳಲು ತಿನ್ನುವ ಕರೆಂಟ್. ಚಿಕ್ಕದೇ, ತಪ್ಪೂ ಅಲ್ಲ. ಆದರೆ ಎರಡು ತಿಂಗಳಿಗೆ 43 ಆಂಪಿಯರ್ ಅವರ್ ಆಯ್ತು, ನಮ್ಮ ಬ್ಯಾಟರಿ ಇರುವುದೇ 80. ಈ ವರ್ಷ ಜೂನ್‌ನಲ್ಲೇ ಮೈನಸ್ ಬಿಚ್ಚಿಟ್ಟೆ. ಒಂದು ಎಚ್ಚರಿಕೆ: ಮೀಟರ್ ಹೀಗೆ ಸೇರಿಸಿರುವಾಗ ಮರೆತೂ ಸೆಲ್ಫ್ ಹೊಡೆಯಬೇಡಿ. ಆ ತೂತಿನ ಪಕ್ಕ ಫ್ಯೂಸ್ ಇಲ್ಲ ಅಂತ ಬರೆದೇ ಇದೆ, ವೈರ್ ಸುಟ್ಟು ಕೈಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ, ಇಲ್ಲದಿದ್ದರೆ ಮುಂದಿನ ಸಲ ವೋಲ್ಟ್ ನೋಡಲು ಹೋಗಿ ಬ್ಯಾಟರಿಯನ್ನೇ ಶಾರ್ಟ್ ಮಾಡುತ್ತೀರಿ.

ಇನ್ನು ಅಂಕ ಕಟ್ ಆದದ್ದಕ್ಕೆ ಕಾರಣ. ಇದು ತಾನಾಗಿ ಆಫ್ ಆಗುವುದಿಲ್ಲ. ಮರೆತು ಬಿಟ್ಟರೆ ಒಳಗಿನ 9 ವೋಲ್ಟ್ ಸೆಲ್ ಖಾಲಿ. ಅದಕ್ಕಿಂತ ಕೆಟ್ಟದ್ದು, ಸೆಲ್ ಇಳಿದಾಗ ಮೀಟರ್ ಸುಳ್ಳು ಹೇಳುತ್ತದೆ, ಅದೂ ಜಾಸ್ತಿ ಮಾಡಿ. ಒಂದು ದಿನ ನಿಂತ ಗಾಡಿಯ ಬ್ಯಾಟರಿ 13.8 ಅಂತ ತೋರಿಸಿದಾಗ ಖುಷಿಯಾಗಿತ್ತು, ಆಮೇಲೆ ಇದು ಆಗದ ಮಾತು ಅಂತ ಹೊಳೆದು ಸೆಲ್ ಬದಲಿಸಿದರೆ 12.5. ಕಡ್ಡಿಗಳ ವೈರ್ ತೆಳು, ಆರು ತಿಂಗಳಿಗೆ ಒಂದು ಬುಡದಲ್ಲೇ ಮುರಿಯಿತು. ಪರದೆಗೆ ಬೆಳಕಿಲ್ಲ, ಬಾಯಲ್ಲಿ ಟಾರ್ಚ್ ಕಚ್ಚಿಕೊಳ್ಳಬೇಕು. 750 ವೋಲ್ಟ್ ಅಂತ ಬರೆದಿದ್ದಾರೆಂದು ಪಂಪ್‌ಸೆಟ್ಟಿನ ಮೂರು ಫೇಸಿಗೆ ಮಾತ್ರ ಇಂಥದ್ದನ್ನು ಹಿಡಿಯಬೇಡಿ. ಭಾವ ಕೂಡ ಅದಕ್ಕೆ ತನ್ನ ದುಬಾರಿ ಮೀಟರನ್ನೇ ಬಳಸುತ್ತಾನೆ.

ಗಾಡಿಯ 12 ವೋಲ್ಟಿಗೆ ಮಾತ್ರ ಆದರೆ ತಗೊಳ್ಳಿ. ಜೊತೆಗೆ ಮೊಸಳೆ ಕ್ಲಿಪ್ ಇರುವ ಒಂದು ಜೊತೆ ವೈರ್ ತಗೊಳ್ಳಿ, ಕೀಲಿ ತಿರುಗಿಸಲು ಮಗಳು ಶಾಲೆಯಿಂದ ಬರುವವರೆಗೆ ಕಾಯಬೇಕಾಗಿಲ್ಲ. ಆ ಹಳೇ ಬ್ಯಾಟರಿಯೇ ಈಗಲೂ ಗಾಡಿಯಲ್ಲಿದೆ, ಇವತ್ತು ಬೆಳಿಗ್ಗೆ 12.5 ಇತ್ತು.